ಮರಿಯ ಜೊತೆಗೆ ಬಂದ ಆಹಾರದ ಚೀಟಿ

ಮುಧೋಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೂರು ತಲೆಮಾರಿನಿಂದ ಬೇಟೆ ನಾಯಿ ಸಾಕುತ್ತಿರುವ ಕುಟುಂಬದಿಂದ ಕಳೆದ ವರ್ಷ ಒಂದು ಹೆಣ್ಣು ಮರಿಯನ್ನು ಹುಬ್ಬಳ್ಳಿಗೆ ತಂದೆವು. ಮುಧೋಳ ತಳಿಯ ಗುಣಗಾನ ಸಾಕಷ್ಟು ನಡೆದಿದೆ, 2005ರಲ್ಲಿ ಅಂಚೆಚೀಟಿಯೂ ಬಂದಿದೆ. ಹಾಗಾಗಿ ಇಲ್ಲಿ ಬರೆಯುವುದು ಆ ಬ್ರೀಡರ್ ಮತ್ತು ಪಶುವೈದ್ಯರ ಒಡನಾಟದಿಂದ ನಮಗೆ ದೊರೆತ ಸೇವೆಯ ಬಗ್ಗೆ ಮಾತ್ರ.

ನಾವು ಎಷ್ಟೇ ಅವಸರ ಮಾಡಿದರೂ ಎಂಟು ವಾರ ತುಂಬದೆ ಮರಿ ಕೊಡುವುದಿಲ್ಲವೆಂದು ಅವರು ಪಟ್ಟು ಹಿಡಿದರು. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳು ಹೇಳುವುದೂ ಅದನ್ನೇ. ಕೈಗಿತ್ತ ಕಾರ್ಡಿನಲ್ಲಿ ಜಂತುನಾಶಕ ಕೊಟ್ಟ ದಿನಾಂಕಗಳು, ಲಸಿಕೆಯ ಸೀಸೆಯಿಂದ ಕಿತ್ತು ಅಂಟಿಸಿದ ಲೇಬಲ್, ವೈದ್ಯರ ಸಹಿ ಎಲ್ಲವೂ ಇದ್ದವು. ಅನುಮಾನಕ್ಕೆಂದು ಆ ವೈದ್ಯರಿಗೆ ಫೋನ್ ಮಾಡಿದರೆ, ತಾಯಿ ನಾಯಿಯ ಹೆರಿಗೆಯ ರಾತ್ರಿಯನ್ನೇ ವಿವರವಾಗಿ ಹೇಳಿದರು.

ತೊಡಕು ಇದ್ದುದು ಆಹಾರದ ಚೀಟಿಯಲ್ಲಿ. ಜೋಳದ ನುಚ್ಚು, ಮೊಟ್ಟೆ, ಮಜ್ಜಿಗೆಗಳ ಜೊತೆಗೆ ಪ್ಯಾಕೆಟ್ ಆಹಾರ, ಅದರ ಮೇಲೆ ದಿನಕ್ಕೆರಡು ಚಮಚ ಕ್ಯಾಲ್ಸಿಯಂ ಸಿರಪ್ ಎಂದು ಬರೆದಿತ್ತು. ನಮ್ಮೂರಿನ ವೈದ್ಯರು ಸಿರಪ್ಪನ್ನು ಕೂಡಲೇ ನಿಲ್ಲಿಸಿದರು. ಎಳೆಯ ಮರಿಯ ಕರುಳಿಗೆ ಹೆಚ್ಚಿನ ಕ್ಯಾಲ್ಸಿಯಂ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಮರಿಗಳಿಗೆಂದೇ ತಯಾರಿಸಿದ ಆಹಾರದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕವನ್ನು ಮೊದಲೇ 1:1ರಿಂದ 2:1ರ ನಡುವೆ ಹೊಂದಿಸಿರುವಾಗ ಮೇಲಿಂದ ಸುರಿದದ್ದು ಮೂಳೆಯ ಬೆಳವಣಿಗೆಯನ್ನೇ ಕೆಡಿಸಬಹುದು ಎಂದು ವಿವರಿಸಿದರು. ಬರೀ ಮಾಂಸ ತಿನ್ನುವ ಮರಿಗೆ ಕ್ಯಾಲ್ಸಿಯಂ ಕೊರತೆಯಾಗುತ್ತದೆ ಎಂಬುದೂ ನಿಜ, ಆದರೆ ನಮ್ಮದು ಆ ಲೆಕ್ಕಕ್ಕೆ ಸೇರುವುದಿಲ್ಲವಲ್ಲ. ಇದನ್ನು ಬ್ರೀಡರಿಗೆ ತಿಳಿಸಿದಾಗ ಅವರು ಮುನಿಯದೆ ನಮ್ಮ ವೈದ್ಯರ ನಂಬರ್ ಕೇಳಿ ಪಡೆದರು. ಮುಂದಿನ ಸೂಲಿನ ಮರಿ ಕೊಂಡ ನೆಂಟರ ಚೀಟಿಯಲ್ಲಿ ಸಿರಪ್ ಇರಲಿಲ್ಲ.

ಇನ್ನೊಂದು ಸಲ ತಪ್ಪಿದವರು ನಮ್ಮ ವೈದ್ಯರೇ. ಪಕ್ಕೆಲುಬು ಕಾಣುತ್ತಿದೆ, ಊಟ ಹೆಚ್ಚಿಸಿ ಎಂದರು. ಓಡಿ ಬೇಟೆಯಾಡುವ ಈ ತಳಿಯಲ್ಲಿ ಕೊನೆಯ ಒಂದೆರಡು ಎಲುಬು ಕಾಣುವುದೇ ಸರಿಯಾದ ಮೈಕಟ್ಟು ಎಂದು ಬ್ರೀಡರ್ ಹೇಳಿದ್ದನ್ನು ಅವರು ಒಪ್ಪಿಕೊಂಡರು. ಸಂತಾನಹರಣ ಶಸ್ತ್ರಚಿಕಿತ್ಸೆಯ ಹೊತ್ತಿಗಂತೂ ಕಾರ್ಡಿನ ಹಿಂಬದಿಯಲ್ಲಿ ಬ್ರೀಡರ್ ಬರೆದಿದ್ದ ‘ಥಯೋಪೆಂಟಾಲ್ ಬೇಡ’ ಎಂಬ ಎರಡು ಪದ ಬಹಳ ಉಪಯೋಗಕ್ಕೆ ಬಂದವು. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಇಂಥ ನಾಯಿಗಳು ಆ ಅರಿವಳಿಕೆಯಿಂದ ಎಚ್ಚರಗೊಳ್ಳಲು ತುಂಬಾ ಹೊತ್ತು ಹಿಡಿಯುತ್ತದಂತೆ.

ಒಂದು ಆಕ್ಷೇಪ ಮಾತ್ರ ಉಳಿದಿದೆ. ಬ್ರೀಡರ್ ಶಿಫಾರಸು ಮಾಡುವುದು ಒಂದೇ ಕಂಪನಿಯ ಆಹಾರ, ಅವರ ವೈದ್ಯರ ಕ್ಲಿನಿಕ್ಕಿನಲ್ಲಿ ಮಾರಾಟಕ್ಕಿರುವುದೂ ಅದೊಂದೇ. ಇದರಲ್ಲಿ ಕಮಿಷನ್ ಉಂಟೇ ಎಂದು ನೇರವಾಗಿಯೇ ಕೇಳಿದೆ. ಅವರು ನಕ್ಕು, ಚಹಾ ತರಿಸಿದರು. ನಾವು ಆ ಚೀಲ ಕೊಳ್ಳಲಿಲ್ಲ.