ಸ್ಲ್ಯಾಷ್ ಎಣಿಸುವ ಕೆಲಸ ತಪ್ಪಿತು: ಪೈಥಾನಿನ ಪಾಥ್‌ಲಿಬ್ ಜೊತೆ ನಾಲ್ಕು ವರ್ಷ

ನನ್ನ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ‘ಸ್ಕ್ಯಾನ್2019’ ಎಂಬ ಫೋಲ್ಡರ್ ಇನ್ನೂ ಇದೆ. ನಿಜವಾಗಿ ಬೇಕಿದ್ದದ್ದು ‘ಸ್ಕ್ಯಾನ್’ ಫೋಲ್ಡರಿನ ಒಳಗೊಂದು ‘2019’. ಎರಡು ಸ್ಟ್ರಿಂಗ್‌ಗಳನ್ನು, ಅಂದರೆ ಅಕ್ಷರಗಳ ಸಾಲುಗಳನ್ನು, ಕೂಡಿಸುವಾಗ ನಡುವಿನ ಸ್ಲ್ಯಾಷ್ ಬಿಟ್ಟುಬಿಟ್ಟೆ. ನಾನು ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್ ತುಟಿಪಿಟಕ್ಕೆನ್ನದೆ ಹೊಸ ಫೋಲ್ಡರ್ ಹುಟ್ಟಿಸಿ ಆರುನೂರು ಚಿತ್ರಗಳನ್ನು ಅದರೊಳಗೆ ಸುರಿಯಿತು. ಗೊತ್ತಾದದ್ದು ಎರಡು ತಿಂಗಳ ಮೇಲೆ. ನೆನಪಿಗೆ ಇರಲಿ ಎಂದು ಅಳಿಸದೆ ಇಟ್ಟುಕೊಂಡಿದ್ದೇನೆ.

ಸ್ಕ್ಯಾನ್ ಮಾಡಿದ ಪುಸ್ತಕದ ಪುಟಗಳನ್ನು ಜೋಡಿಸಿಡುವುದು ನನ್ನ ಕೆಲಸ. ಹೆಸರು ಬದಲಿಸುವುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು, ಎರಡು ಸಲ ಬಂದದ್ದನ್ನು ಹುಡುಕುವುದು, ದಿನವಿಡೀ ಇಷ್ಟೇ. ಇದಕ್ಕೆಂದು ಬರೆದುಕೊಂಡ ಪ್ರೋಗ್ರಾಂಗಳನ್ನೆಲ್ಲ ಆ ಫೋಲ್ಡರಿನ ಪ್ರಸಂಗದ ನಂತರ, ಫೈಲಿನ ವಿಳಾಸಗಳನ್ನು ನಿಭಾಯಿಸಲು ಪೈಥಾನಿನ ಜೊತೆಗೇ ಬರುವ ಪಾಥ್‌ಲಿಬ್ ಎಂಬ ಲೈಬ್ರರಿಗೆ ಬದಲಾಯಿಸಿದೆ. ಮತ್ತೆ ಹಿಂದಕ್ಕೆ ಹೋಗುವ ಮನಸ್ಸಿಲ್ಲ. ಆದರೂ ಜಗಳವಾಡಲು ಒಂದೆರಡು ಸಂಗತಿಗಳಿವೆ.

ಫೈಲಿನ ಪಾಥ್, ಅಂದರೆ ಡಿಸ್ಕಿನಲ್ಲಿ ಅದರ ವಿಳಾಸ, ಸ್ಟ್ರಿಂಗ್ ಅಲ್ಲ ಎಂಬ ಹಟವೇ ಈ ಲೈಬ್ರರಿಯ ತಿರುಳು. 2006ರಲ್ಲಿ ಪೈಥಾನಿನ ಸುಧಾರಣೆಗೆಂದು ಪೆಪ್ 355 ಎಂಬ ಪ್ರಸ್ತಾವ ಬಂದಿತ್ತು. ಅದರಲ್ಲಿ ಪಾಥ್ ಎಂಬುದು ಸ್ಟ್ರಿಂಗ್‌ನದೇ ಒಂದು ಉಪವರ್ಗ. ಅದು ತಿರಸ್ಕೃತವಾಯಿತು. ಆಂಟ್ವಾನ್ ಪಿಟ್ರೂ 2012ರಲ್ಲಿ ಮುಂದಿಟ್ಟ ಪೆಪ್ 428 ಆ ನಂಟನ್ನೇ ಕಡಿದುಹಾಕಿತು. 2014ರಲ್ಲಿ ಪೈಥಾನ್ 3.4ರೊಂದಿಗೆ ಪಾಥ್‌ಲಿಬ್ ಬಂತು. ನಂಟು ಕಡಿದದ್ದರಿಂದ ಏನು ಲಾಭ? ಪಾಥ್‌ಗೆ ಕೂಡಿಸುವ ಚಿಹ್ನೆ ಹಚ್ಚಿ ‘2019’ ಸೇರಿಸಲು ಹೋದರೆ ಅದು ಒಪ್ಪುವುದಿಲ್ಲ, ಅಲ್ಲಿಯೇ ದೋಷ ತೋರಿಸಿ ನಿಲ್ಲುತ್ತದೆ. ನನ್ನ ಆರುನೂರು ಚಿತ್ರಗಳು ದಾರಿ ತಪ್ಪುವ ಮೊದಲೇ ಪ್ರೋಗ್ರಾಂ ನಿಂತಿರುತ್ತಿತ್ತು. ಇಂಥ ಮೊಂಡುತನ ನನಗೆ ಇಷ್ಟ.

ಮೊದಲ ಎರಡು ಆವೃತ್ತಿಗಳಲ್ಲಿ ಈ ಹಟಕ್ಕೆ ಬೆಲೆ ತೆತ್ತವರು ಬಳಕೆದಾರರು. ಫೈಲ್ ತೆರೆಯುವ ‘ಓಪನ್’ ಕೂಡ ಪಾಥ್ ಆಬ್ಜೆಕ್ಟನ್ನು ಸ್ವೀಕರಿಸುತ್ತಿರಲಿಲ್ಲ. ಎಲ್ಲೆಲ್ಲೂ ಸ್ಟ್ರಿಂಗ್‌ಗೆ ಪರಿವರ್ತಿಸಿ ಕೊಡಬೇಕಿತ್ತು. 2016ರ ಕೊನೆಯಲ್ಲಿ ಬಂದ 3.6ರಲ್ಲಿ ಅದು ಸರಿಹೋಯಿತು. ‘ನಾನು ಪಾಥ್’ ಎಂದು ಹೇಳಿಕೊಳ್ಳಬಲ್ಲ ಯಾವ ಆಬ್ಜೆಕ್ಟನ್ನಾದರೂ ಫೈಲ್ ಸಂಬಂಧಿ ಕಾರ್ಯಗಳು ಈಗ ಸ್ವೀಕರಿಸುತ್ತವೆ. ದತ್ತಾಂಶವನ್ನು ಪಠ್ಯವಾಗಿ ಬರೆದಿಡುವ ಜೇಸನ್‌ಗೆ ಮಾತ್ರ ಇಂದಿಗೂ ಪಾಥ್ ಎಂದರೆ ಅಲರ್ಜಿ. ಅಲ್ಲಿ ಸ್ಟ್ರಿಂಗ್ ಮಾಡಿಯೇ ಕೊಡಬೇಕು.

ಜೋಡಿಸುವುದಕ್ಕೆ ಆರಿಸಿಕೊಂಡಿರುವುದು ಭಾಗಾಕಾರದ ಚಿಹ್ನೆಯನ್ನು. ಮೂಲ / ‘2019’ / ‘ಪುಟ-1.ಜೆಪಿಜಿ’ ಎಂದು ಬರೆದರೆ ಮುಗಿಯಿತು. ಭಾಗಾಕಾರಕ್ಕೂ ಫೋಲ್ಡರಿಗೂ ಏನು ಸಂಬಂಧ ಎಂದು ಮೂಗು ಮುರಿಯುವವರಿದ್ದಾರೆ. ಒಂದು ವಾರ ನಾನೂ ಮುರಿದೆ. ಆಮೇಲೆ ಕೋಡ್ ಓದುವಾಗ ಕಣ್ಣಿಗೆ ಕಾಣುವುದೇ ಪಾಥ್‌ನ ಆಕಾರ ಎಂಬುದು ಹೊಳೆಯಿತು. ಆದರೆ ಇದರಲ್ಲೊಂದು ಕಂದಕವಿದೆ: ಬಲಗಡೆಯದು ಸ್ಲ್ಯಾಷ್‌ನಿಂದ ಶುರುವಾದರೆ ಎಡಗಡೆಯದೆಲ್ಲ ಗಾಳಿಗೆ ಹೋಗುತ್ತದೆ. ಮೂಲ / ‘/2019’ ಎಂದರೆ ಸಿಗುವುದು ಬರಿಯ ‘/2019’. ಸ್ಟ್ರಿಂಗ್ ಪಾಥ್‌ಗಳನ್ನು ಜೋಡಿಸುವ ಹಳೆಯ ‘ಜಾಯಿನ್’ ಮಾಡುತ್ತಿದ್ದದ್ದೂ ಅದನ್ನೇ, ರಸ್ಟ್ ಮತ್ತು ಜಾವಾ ಭಾಷೆಗಳು ಮಾಡುವುದೂ ಅದನ್ನೇ. ಆದ್ದರಿಂದ ಪಾಥ್‌ಲಿಬ್ ಒಂದನ್ನೇ ದೂರುವಂತಿಲ್ಲ. ಆದರೂ ಹೊರಗಿನವರು ಕಳುಹಿಸಿದ ಫೈಲ್ ಹೆಸರನ್ನು ಹಾಗೆಯೇ ಬಲಗಡೆಗೆ ಇಟ್ಟರೆ, ನಿಮ್ಮ ಫೋಲ್ಡರಿನಿಂದ ಆಚೆಗೆ ಬಾಗಿಲು ತೆರೆದಿಟ್ಟಂತೆಯೇ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಭಾಗದ ಬಗ್ಗೆ ಹೆಚ್ಚು ಜನ ಮಾತನಾಡುವುದಿಲ್ಲ. ಪಾಥ್‌ಗಳಲ್ಲಿ ಎರಡು ಜಾತಿ. ಒಂದು ಡಿಸ್ಕನ್ನು ಮುಟ್ಟುತ್ತದೆ; ಇನ್ನೊಂದು, ‘ಪ್ಯೂರ್’ ಎಂಬುದು, ಬರಿಯ ಹೆಸರಿನ ಲೆಕ್ಕ ಮಾತ್ರ ಮಾಡುತ್ತದೆ. ವಿಂಡೋಸ್ ಯಂತ್ರದಲ್ಲಿ ತಯಾರಾದ ಪಟ್ಟಿಗಳು ನನ್ನ ಲಿನಕ್ಸ್‌ಗೆ ಬರುತ್ತವೆ, ತುಂಬ ಬ್ಯಾಕ್‌ಸ್ಲ್ಯಾಷ್‌ಗಳೊಂದಿಗೆ. ಮೊದಲು ಅವನ್ನು ಮುರಿಯಲು ಉದ್ದುದ್ದ ಕಸರತ್ತು ಮಾಡುತ್ತಿದ್ದೆ. ಈಗ ಪ್ಯೂರ್‌ವಿಂಡೋಸ್‌ಪಾಥ್‌ಗೆ ಕೊಟ್ಟರೆ ಡ್ರೈವ್, ಫೋಲ್ಡರ್, ಹೆಸರು ಎಲ್ಲ ಬೇರೆಬೇರೆಯಾಗಿ ಕೈಗೆ ಬರುತ್ತವೆ. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸವನ್ನು ಅದು ಹೋಲಿಕೆಯಲ್ಲಿ ಲೆಕ್ಕಿಸುವುದಿಲ್ಲ, ವಿಂಡೋಸ್ ರೂಢಿಯಂತೆ.

ಚುಕ್ಕಿಗಳ ವಿಷಯದಲ್ಲಿ ಇದರ ಜಾಣತನ ನೋಡಿ. ಪಾಥ್‌ನಲ್ಲಿ ‘..’ ಎಂದರೆ ಒಂದು ಹಂತ ಮೇಲಿನ ಫೋಲ್ಡರ್. ‘ಅ/../ಆ’ ಎಂಬುದನ್ನು ಅದು ಸರಳಗೊಳಿಸಿ ‘ಆ’ ಎಂದು ಮಾಡುವುದಿಲ್ಲ. ‘ಅ’ ಎಂಬುದು ಇನ್ನೆಲ್ಲಿಗೋ ಕೊಂಡೊಯ್ಯುವ ಸಿಂಬಾಲಿಕ್ ಲಿಂಕ್ ಆಗಿದ್ದರೆ ಎರಡರ ಅರ್ಥ ಬೇರೆಬೇರೆ. ಡಿಸ್ಕ್ ನೋಡದೆ ತೀರ್ಮಾನಿಸುವುದು ತಪ್ಪು. ಇಷ್ಟು ಎಚ್ಚರ ಇರುವ ಲೈಬ್ರರಿಯೇ ಕೊನೆಯ ಸ್ಲ್ಯಾಷನ್ನು ಮಾತ್ರ ಕೇಳದೆ ಕಿತ್ತುಹಾಕುತ್ತದೆ! ಫೈಲುಗಳನ್ನು ನಕಲಿಸುವ ಆರ್‌ಸಿಂಕ್ ಬಳಸುವವರಿಗೆ ಆ ಸ್ಲ್ಯಾಷ್‌ನ ಬೆಲೆ ಗೊತ್ತು: ಅದಿದ್ದರೆ ಫೋಲ್ಡರಿನ ಒಳಗಿನದ್ದು ನಕಲಾಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ನಕಲಾಗುತ್ತದೆ. ಪಾಥ್ ಆಬ್ಜೆಕ್ಟಿನಿಂದ ಆರ್‌ಸಿಂಕ್‌ಗೆ ವಿಳಾಸ ಕೊಟ್ಟ ಮೊದಲ ದಿನ ‘ಪುಟಗಳು’ ಫೋಲ್ಡರಿನ ಒಳಗೆ ಇನ್ನೊಂದು ‘ಪುಟಗಳು’ ಹುಟ್ಟಿತು. ಈಗ ಆ ಜಾಗದಲ್ಲಿ ಸ್ಟ್ರಿಂಗ್ ಮಾಡಿ, ಕೈಯಾರೆ ಸ್ಲ್ಯಾಷ್ ಅಂಟಿಸುತ್ತೇನೆ. ಯಾವುದನ್ನು ಬಿಟ್ಟು ಬಂದೆನೋ ಅದನ್ನೇ.

ಇನ್ನು ಫೈಲಿನ ಬಾಲದ, ಅಂದರೆ ಎಕ್ಸ್‌ಟೆನ್ಷನ್‌ನ, ಕಥೆ. ನನ್ನ ಫೈಲುಗಳಿಗೆ ‘ಸಂಪುಟ-3.12’ ಎಂಬಂಥ ಹೆಸರುಗಳಿದ್ದವು, ಅಂದರೆ ಮೂರನೆಯ ಸಂಪುಟದ ಹನ್ನೆರಡನೆಯ ಪುಟ. ಪ್ರತಿ ಪುಟದ ಪಕ್ಕದಲ್ಲಿ ಅದರ ಪಠ್ಯವನ್ನು ಬರೆದಿಡಲು ಬಾಲ ಬದಲಿಸುವ ‘ವಿತ್_ಸಫಿಕ್ಸ್’ ಬಳಸಿದೆ. ಹೆಸರಿನ ಕೊನೆಯ ಚುಕ್ಕಿಯಿಂದಾಚೆಗಿನದು ಬಾಲ ಎಂಬುದು ಅದರ ನಿಯಮ. ಹಾಗಾಗಿ ‘.12’ ಬಾಲವಾಯಿತು, ಅದರ ಜಾಗಕ್ಕೆ ‘.ಟಿಎಕ್ಸ್‌ಟಿ’ ಬಂತು. ‘.11’, ‘.10’, ಎಲ್ಲದರ ಗತಿಯೂ ಅದೇ. ಇಡೀ ಸಂಪುಟದ ಪಠ್ಯ ‘ಸಂಪುಟ-3.ಟಿಎಕ್ಸ್‌ಟಿ’ ಎಂಬ ಒಂದೇ ಫೈಲಿನ ಮೇಲೆ ಮತ್ತೆಮತ್ತೆ ಬರೆಯಲ್ಪಟ್ಟು ಕೊನೆಗೆ ಉಳಿದದ್ದು ಒಂದೇ ಪುಟ. ನಿಯಮ ಓದಿದ್ದರೆ ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ‘ಟಾರ್.ಜಿಝೆಡ್’ ಎಂಬ ಜೋಡಿ ಬಾಲದಲ್ಲೂ ಕೊನೆಯದೊಂದನ್ನೇ ಕತ್ತರಿಸುವ ಈ ನಿಯಮ, ಬಾಲ ಎಂದರೇನು ಎಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲದ ಕಡೆ ಗೊತ್ತಿರುವಂತೆ ನಟಿಸುತ್ತದೆ. ನಾನೀಗ ಪೂರ್ತಿ ಹೆಸರಿಗೆ ಬಾಲ ಸೇರಿಸಿ, ಹೆಸರನ್ನೇ ಬದಲಿಸುವ ‘ವಿತ್_ನೇಮ್’ ಬಳಸುತ್ತೇನೆ.

ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ಕಿವಿಮಾತು. ‘ಕೊಳಲು’ ಎಂಬುದರ ‘ಕೊ’ದಲ್ಲಿರುವ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೆ’ ಮತ್ತು ‘ೂ’ ಎರಡನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ. ಪಾಥ್‌ಲಿಬ್ ಕಣ್ಣಿಗೆ ಬೇರೆಬೇರೆ. ಎರಡು ಬಾರಿ ಬಂದ ಪುಟಗಳನ್ನು ಹುಡುಕುವ ನನ್ನ ಪ್ರೋಗ್ರಾಂ ‘ಕೊಳಲು’ ಎಂಬ ಎರಡು ಫೋಲ್ಡರ್‌ಗಳನ್ನು ಪಕ್ಕಪಕ್ಕದಲ್ಲೇ ಬಿಟ್ಟು ಮುಂದೆ ಹೋಗಿತ್ತು. ಹೋಲಿಸುವ ಮೊದಲು ಯೂನಿಕೋಡನ್ನು ಒಂದೇ ರೂಪಕ್ಕೆ ತರುವ ಸಾಲು ನೀವೇ ಬರೆಯಬೇಕು. ಇದನ್ನು ಲೈಬ್ರರಿ ಮಾಡದೆ ಇರುವುದೇ ಸರಿ ಅನ್ನಿಸುತ್ತದೆ. ಲಿನಕ್ಸ್‌ನಲ್ಲಿ ಅವು ನಿಜಕ್ಕೂ ಎರಡು ಫೋಲ್ಡರ್‌ಗಳು.

ಸಣ್ಣಪುಟ್ಟ ಗೊಣಗಾಟಗಳು: ಲಕ್ಷಗಟ್ಟಲೆ ಫೈಲುಗಳಿದ್ದಾಗ ಬರಿಯ ಸ್ಟ್ರಿಂಗ್‌ಗಿಂತ ನಿಧಾನ. ‘ರಿನೇಮ್’ ಲಿನಕ್ಸ್‌ನಲ್ಲಿ ಅದೇ ಹೆಸರಿನ ಹಳೆಯ ಫೈಲನ್ನು ಸದ್ದಿಲ್ಲದೆ ನುಂಗುತ್ತದೆ, ವಿಂಡೋಸ್‌ನಲ್ಲಿ ದೋಷ ಎಸೆಯುತ್ತದೆ. ಎರಡೂ ಕಡೆ ಒಂದೇ ನಡತೆ ಬೇಕಿದ್ದರೆ ‘ರಿಪ್ಲೇಸ್’ ಬಳಸಿ. ಫೈಲ್ ನಕಲು ಮಾಡುವ ‘ಕಾಪಿ’ ಬಂದದ್ದಂತೂ 3.14ರಲ್ಲಿ. ಹುಟ್ಟಿ ಹತ್ತು ವರ್ಷ ದಾಟಿದ ಮೇಲೆ! ನನ್ನ ಯಂತ್ರದಲ್ಲಿ ಇನ್ನೂ 3.11 ಇದೆ. ಹಾಗಾಗಿ ಪ್ರತಿ ಪ್ರೋಗ್ರಾಂನ ತಲೆಯಲ್ಲೂ ಪಾಥ್‌ಲಿಬ್‌ನ ಕೆಳಗೆ ಫೈಲ್ ನಕಲು ಮಾಡುವ ಹಳೆಯ ಲೈಬ್ರರಿ ಷುಟಿಲ್‌ನ ಸಾಲೊಂದು ಇದ್ದೇ ಇದೆ.