ಮಲ್ಲೇಶ್ವರದ 18ನೇ ಮಹಡಿ, ಬಸವನಗುಡಿಯ 3ನೇ ಮಹಡಿ: ಕೊಳ್ಳುವ ಮುನ್ನ ಬಾಡಿಗೆಗಿದ್ದು ಕಂಡದ್ದು

ಅಣ್ಣತಮ್ಮಂದಿರು ಸೇರಿ ಹಳೆಯ ಮನೆಯನ್ನು ಮಾರಿದ ಮೇಲೆ ನಮ್ಮ ಪಾಲಿಗೆ ಬಂದ ಹಣಕ್ಕೆ ಒಂದಿಷ್ಟು ಸಾಲ ಸೇರಿಸಿ, ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲೇ ಹೊಸ ಫ್ಲ್ಯಾಟ್ ಕೊಳ್ಳುವುದೆಂದು 2023ರಲ್ಲಿ ನಿಶ್ಚಯಿಸಿದೆವು. ಊರಾಚೆ ಹೋದರೆ ಅದೇ ದುಡ್ಡಿಗೆ ಅಂಗಳವಿರುವ ಮನೆಯೇ ಸಿಗುತ್ತಿತ್ತು. ಆದರೆ 74 ವರ್ಷದ ನನ್ನ ತಾಯಿಗೆ ಹೂವು, ಸೊಪ್ಪು, ದೇವಸ್ಥಾನ, ಡಾಕ್ಟರು ಎಲ್ಲವೂ ನಡೆದು ಹೋಗುವಷ್ಟು ಹತ್ತಿರದಲ್ಲಿರಬೇಕೆಂಬ ಒಂದೇ ಕಾರಣಕ್ಕೆ ಆ ಯೋಚನೆಯನ್ನು ಕೈಬಿಟ್ಟೆವು. ಉಳಿದವು ಎರಡು ಬಗೆಯ ಕಟ್ಟಡಗಳು. ಮಲ್ಲೇಶ್ವರದ ಅಂಚಿನಲ್ಲಿರುವ 24 ಮಹಡಿಯ ಗೋಪುರ ಒಂದು. ಬಸವನಗುಡಿಯಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವಿ ಕಟ್ಟಿದ, ಕೇವಲ 8 ಮನೆಗಳ ನಾಲ್ಕು ಮಹಡಿಯ ಕಟ್ಟಡ ಇನ್ನೊಂದು. ಎರಡಕ್ಕೂ ಮಾರುವವರು ಇಟ್ಟ ವಿಶೇಷಣ ಒಂದೇ, ಐಷಾರಾಮಿ. ಬ್ರೋಷರ್ ನೋಡಿ ಕೋಟಿಗಟ್ಟಲೆ ಹಣ ಕೊಡುವುದಕ್ಕೆ ಮನಸ್ಸು ಒಪ್ಪದೆ, 11 ತಿಂಗಳ ಕರಾರಿನ ಮೇಲೆ ಮೊದಲು ಅಲ್ಲಿ, ಆಮೇಲೆ ಇಲ್ಲಿ ಬಾಡಿಗೆಗಿದ್ದು ನೋಡಿದೆವು. ಮಲ್ಲೇಶ್ವರದಲ್ಲಿ 2023ರ ಜೂನ್‌ನಿಂದ 2024ರ ಏಪ್ರಿಲ್‌ವರೆಗೆ ಇದ್ದೆವು; ಬಸವನಗುಡಿಗೆ ಅದರ ಮರುತಿಂಗಳೇ ಬಂದೆವು.

ಎರಡೂ ಬಡಾವಣೆಗಳು ಒಂದೇ ಕಾಲದವು. 1898ರ ಪ್ಲೇಗ್ ಹಾವಳಿಯಲ್ಲಿ ಪೇಟೆಯ ಇಕ್ಕಟ್ಟಾದ ಓಣಿಗಳನ್ನು ಬಿಟ್ಟು ಬಂದ ಜನರಿಗಾಗಿ, ಗಾಳಿ ಬೆಳಕು ಆಡುವ ಅಗಲ ರಸ್ತೆಗಳನ್ನೂ ಉದ್ದನೆಯ ನಿವೇಶನಗಳನ್ನೂ ಇಟ್ಟು ಪೇಟೆಯ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಬೆಳೆದವು. ಈಗ ಅಲ್ಲಿ ಹೊಸ ಕಟ್ಟಡ ಏಳುವ ದಾರಿಗಳು ಎರಡೇ. ಬಡಾವಣೆಯ ಅಂಚಿನಲ್ಲಿ ಹಿಂದೆ ಗಿರಣಿ, ಕಾರ್ಖಾನೆಗಳಿದ್ದ ಎಕರೆಗಟ್ಟಲೆ ಜಾಗದಲ್ಲಿ ಗೋಪುರಗಳು ಏಳುತ್ತವೆ. ಒಳಗಿನ ಅಡ್ಡರಸ್ತೆಗಳಲ್ಲಿ ಮನೆಯ ಯಜಮಾನರು ಬಿಲ್ಡರ್ ಜೊತೆ ಜಂಟಿ ಅಭಿವೃದ್ಧಿಗೆ ಒಪ್ಪಿಕೊಂಡು, ತಮಗೆರಡು ಮನೆ ಇಟ್ಟುಕೊಂಡು ಉಳಿದವನ್ನು ಮಾರುತ್ತಾರೆ. ಮುಂದೆ ನಾನು ಹೇಳುವ ವ್ಯತ್ಯಾಸಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಂದಲೇ.

ಮನೆಯೊಳಗಿನ ಮಾತನ್ನು ಬೇಗ ಮುಗಿಸುತ್ತೇನೆ. ಗೋಪುರದ ಮನೆ ಸೂಪರ್ ಬಿಲ್ಟ್‌ಅಪ್ ಲೆಕ್ಕದಲ್ಲಿ 2,150 ಚದರಡಿ, ಬಸವನಗುಡಿಯದು 1,900. ಟೇಪು ಹಿಡಿದು ಅಳೆದಾಗ ಕಾಲಿಟ್ಟು ಓಡಾಡುವ ಜಾಗ, ಅಂದರೆ ಕಾರ್ಪೆಟ್ ಏರಿಯಾ, ಎರಡರಲ್ಲೂ ಹೆಚ್ಚುಕಡಿಮೆ 1,480 ಚದರಡಿಯೇ ಬಂತು. ಉಳಿದದ್ದೆಲ್ಲ ಲಾಬಿ, ಕಾರಿಡಾರು, ಕ್ಲಬ್‌ಹೌಸುಗಳ ಪಾಲು. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಬಂದ ಮೇಲೆ ಕಾರ್ಪೆಟ್ ಏರಿಯಾವನ್ನು ಕರಾರಿನಲ್ಲಿ ಬರೆಯಲೇಬೇಕು. ಮಾತುಕತೆ ಮಾತ್ರ ಇನ್ನೂ ಹಳೆಯ ಲೆಕ್ಕದಲ್ಲೇ ನಡೆಯುತ್ತದೆ. ಬೆಳಕಿನಲ್ಲಿ ಗೋಪುರದ ಮುಂದೆ ಬಸವನಗುಡಿ ನಿಲ್ಲಲಾರದು. 18ನೇ ಮಹಡಿಯ ಬಾಲ್ಕನಿಯಿಂದ ಸ್ಯಾಂಕಿ ಕೆರೆಯ ನೀರು, ಅದರಾಚೆ ಭಾರತೀಯ ವಿಜ್ಞಾನ ಸಂಸ್ಥೆಯ ಹಸಿರು ಕಾಣುತ್ತಿದ್ದವು. ಸಂಜೆ ಆರರವರೆಗೂ ದೀಪ ಹಾಕುವ ಅಗತ್ಯ ಬೀಳುತ್ತಿರಲಿಲ್ಲ. ಬಸವನಗುಡಿಯ ಅಡುಗೆಮನೆಗೂ ಪಕ್ಕದ ಕಟ್ಟಡದ ಗೋಡೆಗೂ ನಡುವೆ ಎಂಟಡಿ ಅಂತರವಷ್ಟೇ ಇದ್ದುದರಿಂದ ಮಧ್ಯಾಹ್ನ ಹನ್ನೆರಡಕ್ಕೂ ಟ್ಯೂಬ್‌ಲೈಟ್ ಉರಿಯಬೇಕಿತ್ತು. ರಸ್ತೆಯ ಕಡೆಯ ಹಾಲ್ ಮಾತ್ರ ಹೊಂಗೆಮರದ ನೆತ್ತಿಗೆ ಸಮನಾಗಿದ್ದು, ಬೇಸಿಗೆಯಲ್ಲೂ ತಂಪಾಗಿರುತ್ತಿತ್ತು.

ನೀರಿನ ವಿಷಯಕ್ಕೆ ಬಂದರೆ, ಇದನ್ನು ಬಿಡಿಸಿ ಹೇಳದೆ ಬೆಂಗಳೂರಿನ ಯಾವ ಮನೆಯ ಹೋಲಿಕೆಯೂ ಪೂರ್ಣವಾಗದು. ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಂತಹಂತವಾಗಿ ಪಂಪ್ ಆಗುತ್ತಾ, ಸುಮಾರು 100 ಕಿಲೋಮೀಟರ್ ಕೊಳವೆಯಲ್ಲಿ ಸಾಗಿ ನಮ್ಮ ನಲ್ಲಿಗೆ ಬರುತ್ತದೆ. ಹಳೆಯ ಬಡಾವಣೆಗಳಲ್ಲಿ ಆ ಕೊಳವೆ ಇದೆ ಎನ್ನುವುದೇ ಅಲ್ಲಿನ ಬೆಲೆಗೆ ಒಂದು ದೊಡ್ಡ ಕಾರಣ. ಆದರೆ ಕೊಳವೆ ಇರುವುದು ಬೇರೆ, ಅದರಿಂದ ಬರುವ ನೀರನ್ನು ಎಷ್ಟು ಮನೆಗಳು ಹಂಚಿಕೊಳ್ಳುತ್ತವೆ ಎನ್ನುವುದು ಬೇರೆ. ಗೋಪುರದಲ್ಲಿ 280 ಮನೆಗಳಿದ್ದವು. ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಒಂದೇ ಸಂಪಿನಲ್ಲಿ ಬೆರೆತು, ಗಡಸುತನ ತೆಗೆಯುವ ಸಾಫ್ಟ್‌ನರ್ ಹಾದು, ಮೇಲಕ್ಕೆ ಹೋಗುತ್ತಿದ್ದವು. ಶೌಚಾಲಯದ ಫ್ಲಶ್‌ಗೆ ಬೇರೆ ಪೈಪಿನಲ್ಲಿ ಎಸ್‌ಟಿಪಿಯ, ಅಂದರೆ ಕೊಳಚೆನೀರು ಶುದ್ಧೀಕರಣ ಘಟಕದ, ಸಂಸ್ಕರಿಸಿದ ನೀರು ಬರುತ್ತಿತ್ತು. ಈ ವ್ಯವಸ್ಥೆಯ ಬಗ್ಗೆ ನನಗೆ ಗೌರವವಿದೆ. ಫ್ಲಶ್‌ಗೆ ಕಾವೇರಿ ನೀರು ಸುರಿಯುವುದು ಈ ಊರಿನಲ್ಲಿ ನ್ಯಾಯವಲ್ಲ.

2024ರ ಬೇಸಿಗೆ ಬಂತು. ಹಿಂದಿನ ವರ್ಷ ಮಳೆ ಕೈಕೊಟ್ಟು, ನಗರದ ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತಿದವು. ಮಾರ್ಚ್‌ನಲ್ಲಿ ಜಲಮಂಡಳಿಯು ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿತು. ಈಜುಕೊಳಗಳಿಗೂ ಆ ನೀರನ್ನು ನಿಷೇಧಿಸಿತು. ನಮ್ಮ ಗೋಪುರದ ಈಜುಕೊಳಕ್ಕೆ ಹಗ್ಗ ಕಟ್ಟಿದರು, ಎಲ್ಲ ನಲ್ಲಿಗಳಿಗೂ ನೀರಿನ ಹರಿವು ತಗ್ಗಿಸುವ ಏರೇಟರ್ ಹಾಕಿದರು, ಆಮೇಲೆ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಎಂಟು ಎಂದು ನೀರಿಗೆ ಹೊತ್ತು ಗೊತ್ತುಮಾಡಿದರು. ತಾಯಿ ಮೂರು ದಶಕಗಳ ಹಿಂದೆ ಬಿಟ್ಟಿದ್ದ ಅಭ್ಯಾಸವನ್ನು ಮತ್ತೆ ಹಿಡಿದು, ಇಟಾಲಿಯನ್ ಅಮೃತಶಿಲೆ ಹಾಸಿದ ಬಚ್ಚಲಿನಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್ಮು, ಒಂದು ತಾಮ್ರದ ಹಂಡೆ ತುಂಬಿಡತೊಡಗಿದರು. ಆ ಹಂಡೆಯ ಅಂಚಿಗೆ ಅವರು ಕಟ್ಟಿದ್ದ ಬಿಳಿ ಬಟ್ಟೆಯ ಮೇಲೆ ಟ್ಯಾಂಕರ್ ನೀರಿನ ಕೆಂಪು ಮಣ್ಣು ತೆಳ್ಳಗೆ ಕೂರುತ್ತಿದ್ದುದನ್ನು ನಾನು ದಿನವೂ ನೋಡಿದ್ದೇನೆ.

ಬಸವನಗುಡಿಯಲ್ಲಿ ನಾವು ಆ ಕೆಟ್ಟ ಬೇಸಿಗೆಯ ಬಹುಪಾಲನ್ನು ಕಳೆದವರಲ್ಲ. ಹಾಗಾಗಿ ನನ್ನ ಅನುಭವವನ್ನಷ್ಟೇ ಇಟ್ಟು ತೂಗಿದರೆ ಗೋಪುರಕ್ಕೆ ಅನ್ಯಾಯವಾಗುತ್ತದೆ. ಆದ್ದರಿಂದ ಅಲ್ಲಿನ ಏಳು ಮನೆಯವರನ್ನೂ ವಿಚಾರಿಸಿದೆ. ದಿನ ಬಿಟ್ಟು ದಿನ ಬರುವ ಕಾವೇರಿ ನೀರು, 60,000 ಲೀಟರಿನ ಸಂಪು, 8 ಮನೆಗಳು. ಅವರು ಆ ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಟ್ಯಾಂಕರನ್ನೂ ತರಿಸಿರಲಿಲ್ಲ. ಒಂದೊಂದು ಮನೆಯೂ ದಿನಕ್ಕೆ 700 ಲೀಟರ್ ಖರ್ಚು ಮಾಡಿದರೂ ತುಂಬಿದ ಸಂಪು ಹತ್ತು ದಿನ ತಾಳುತ್ತದೆ. ಗಣಿತ ಅಷ್ಟೇ, ಬಿಲ್ಡರ್‌ನ ಜಾಣ್ಮೆ ಇದರಲ್ಲೇನೂ ಇಲ್ಲ.

ಕರೆಂಟು ಮತ್ತು ಲಿಫ್ಟಿನಲ್ಲಿ ಫಲಿತಾಂಶ ತಿರುಗುಮುರುಗಾಗುತ್ತದೆ. ಗೋಪುರದಲ್ಲಿ ಕರೆಂಟು ಹೋದ ಹತ್ತು ಸೆಕೆಂಡಿನಲ್ಲಿ ಜನರೇಟರ್ ಇಡೀ ಮನೆಯನ್ನು ಎತ್ತಿಕೊಳ್ಳುತ್ತಿತ್ತು. ನಾಲ್ಕು ಲಿಫ್ಟುಗಳಲ್ಲಿ ಒಂದು ಕೆಟ್ಟರೆ ಗೊತ್ತೂ ಆಗುತ್ತಿರಲಿಲ್ಲ. ಬಸವನಗುಡಿಯಲ್ಲಿ ಇದ್ದದ್ದು ಒಂದೇ ಲಿಫ್ಟು. 2024ರ ಆಗಸ್ಟ್‌ನಲ್ಲಿ ಅದು ಮೂರು ದಿನ ನಿಂತಿತು. ಮಾಲೀಕರಲ್ಲಿ ಇಬ್ಬರು ತಮ್ಮ ಪಾಲು ಕೊಡದೆ ವಾರ್ಷಿಕ ನಿರ್ವಹಣೆಯ ಕರಾರು ಕಳೆದ ತಿಂಗಳೇ ಮುಗಿದುಹೋಗಿತ್ತೆಂಬುದು ಆಗಷ್ಟೇ ಹೊರಬಿತ್ತು. ಮೊದಲ ದಿನ ಅಮ್ಮ ಗಾಂಧಿ ಬಜಾರಿನಿಂದ ವರಮಹಾಲಕ್ಷ್ಮಿ ಹಬ್ಬದ ಬಾಳೆಕಂದು, ತಾವರೆ ಹೂವು ಹಿಡಿದು ಬಂದವರು ಎರಡನೇ ಮಹಡಿಯ ತಿರುವಿನಲ್ಲಿ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಆ ಮಹಡಿಯ ಮನೆಯವರು ಬಾಗಿಲು ತೆರೆದು ಕುರ್ಚಿ ಹಾಕಿ, ನೀರುಮಜ್ಜಿಗೆ ಕೊಟ್ಟು, ಹೂವಿನ ಚೀಲವನ್ನು ತಾವೇ ಮೇಲಕ್ಕೆ ತಂದಿಟ್ಟರು. ನೆರೆಯವರ ಆ ಅಕ್ಕರೆಯನ್ನು ನಾನು ಮರೆಯಲಾರೆ. ಆದರೆ ನೆರೆಯವರು ಒಳ್ಳೆಯವರೆಂದು ಲಿಫ್ಟನ್ನು ಕೆಡಿಸಿಕೊಂಡು ಕೂರಲಾಗದು. 8 ಮನೆಗಳ ಸಂಘದಲ್ಲಿ ಒಬ್ಬರು ಹಣ ಕೊಡದಿದ್ದರೆ ಎಂಟನೇ ಒಂದು ಭಾಗವೇ ಖೋತಾ.

ಇನ್ನು ಬಾಗಿಲಿಗೂ ಬೀದಿಗೂ ಇರುವ ದೂರ. ಗೋಪುರಕ್ಕೆ ಹೋಗುವ ಮುನ್ನ ನಾನು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮನೆಯ ಬಾಗಿಲು ಎಳೆದುಕೊಂಡು ಲಿಫ್ಟಿಗೆ ಕಾದು, ಗೋಪುರದ ಬುಡದ ಎತ್ತರಿಸಿದ ಅಂಗಳವಾದ ಪೋಡಿಯಂ ದಾಟಿ, ಒಳರಸ್ತೆಯ ಉದ್ದಕ್ಕೂ ನಡೆದು ಗೇಟು ಮುಟ್ಟುವುದಕ್ಕೆ ನನಗೆ ಏಳು ನಿಮಿಷ, ಅಮ್ಮನಿಗೆ ಹನ್ನೆರಡು ನಿಮಿಷ. ಗೇಟಿನಾಚೆ ಮಲ್ಲೇಶ್ವರ ಇದ್ದೇ ಇತ್ತು: 8ನೇ ಅಡ್ಡರಸ್ತೆಯ ಹೂವಿನ ಸಾಲು, ಕಾಡು ಮಲ್ಲೇಶ್ವರ ದೇವಸ್ಥಾನ, ಸಿಟಿಆರ್‌ನ ಬೆಣ್ಣೆದೋಸೆ, ಮಾರ್ಗೋಸಾ ರಸ್ತೆಯ ವೀಣಾ ಸ್ಟೋರ್ಸ್‌ನ ಇಡ್ಲಿ. ಆದರೆ ಅಲ್ಲಿಂದ ಆಟೋ ಹಿಡಿಯಬೇಕಿತ್ತು. ಮೊದಲ ತಿಂಗಳು ದಿನವೂ ಹೊರಟ ಅಮ್ಮ, ಮೂರನೇ ತಿಂಗಳ ಹೊತ್ತಿಗೆ ವಾರಕ್ಕೆರಡು ಸಲ ಹೊರಡುವಂತಾದರು. ಬೀದಿಯ ವ್ಯಾಪಾರಿಗಳಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಸೊಪ್ಪು ಆ್ಯಪ್‌ನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತಿತ್ತು.

ಬಸವನಗುಡಿಯಲ್ಲಿ ಬೆಳಿಗ್ಗೆ ಏಳೂವರೆಗೆ ‘ದಂಟೂ, ಮೆಂತ್ಯಾ, ಸಬ್ಬಸ್ಗೇ’ ಎಂಬ ಕೂಗು ರಸ್ತೆಯ ತಿರುವಿನಲ್ಲಿ ಕೇಳಿದೊಡನೆ ಅಮ್ಮ ಬಾಲ್ಕನಿಗೆ ಬಂದು ‘ನಿಲ್ಲಮ್ಮಾ’ ಎನ್ನುತ್ತಿದ್ದರು. ಮೂರನೇ ಮಹಡಿಯಿಂದ ಮಾತು ಕೆಳಗೆ ಮುಟ್ಟುತ್ತದೆ, 18ರಿಂದ ಮುಟ್ಟುವುದಿಲ್ಲ. ಆಕೆ ಕಟ್ಟು ಬಿಚ್ಚಿ ತೋರಿಸುವುದು, ಇವರು ಮೇಲಿನಿಂದಲೇ ಬೇರು ನೋಡಿ ಎಳೆಯದೋ ಬಲಿತದ್ದೋ ಎಂದು ಹೇಳುವುದು, ಆಮೇಲೆ ಚೀಲ ಹಿಡಿದು ಇಳಿಯುವುದು, ಇಳಿದವರು ಹಾಗೇ ರಾಮಕೃಷ್ಣ ಆಶ್ರಮದವರೆಗೆ ಹೋಗಿ ಬರುವುದು, ಇವೆಲ್ಲ ಯಾರೂ ಹೇಳಿಕೊಡದೆ ಒಂದು ದಿನಚರಿಯಾಯಿತು. ಆರು ತಿಂಗಳ ನಂತರ ಅವರ ಸಕ್ಕರೆಯ ಪ್ರಮಾಣ ಇಳಿದದ್ದನ್ನು ಕಂಡು ಡಾಕ್ಟರು ನಡಿಗೆ ಹೆಚ್ಚಿದೆಯೇ ಎಂದು ಕೇಳಿದರು.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ನವೆಂಬರ್‌ನಲ್ಲಿ, ಕೊನೆಯ ಕಾರ್ತಿಕ ಸೋಮವಾರದ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆ ಜನರಿಂದ ತುಂಬಿದಾಗ ಎರಡು ದಿನ ಕಾರು ಹೊರತೆಗೆಯಲಾಗಲಿಲ್ಲ, ಪೀಪಿಯ ಸದ್ದು ನಡುರಾತ್ರಿಯವರೆಗೂ ನಿಲ್ಲಲಿಲ್ಲ. ಪರಿಷೆಯ ಹುರಿದ ಕಡಲೆಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ಅಮ್ಮನಿಗೆ ಅದು ತೊಂದರೆ ಎನಿಸಲಿಲ್ಲ. ಮಾರನೆಯ ದಿನ ಪರೀಕ್ಷೆಯಿದ್ದ ಮಗಳಿಗೆ ಎನಿಸಿತು. ಮೆಟ್ರೊ ವಿಷಯದಲ್ಲಿ ಇಬ್ಬರಿಗೂ ಸಮಾಧಾನವಿದೆ: ಸಂಪಿಗೆ ರಸ್ತೆಯಿಂದ ಮೆಜೆಸ್ಟಿಕ್‌ಗೆ ಒಂದು ನಿಲ್ದಾಣ, ನ್ಯಾಷನಲ್ ಕಾಲೇಜಿನಿಂದ ಮೂರು, ಎರಡೂ ಹಸಿರು ಮಾರ್ಗದಲ್ಲೇ.

ಖರ್ಚಿನ ಲೆಕ್ಕ ಇದು. ಗೋಪುರದ ಬಾಡಿಗೆ 95,000, ಬಸವನಗುಡಿಯದು 80,000 ರೂಪಾಯಿ. ಗೋಪುರದ ಮೇಂಟೆನೆನ್ಸ್ ಚದರಡಿಗೆ ಆರೂವರೆ ರೂಪಾಯಿಯಂತೆ 13,975; ತಿಂಗಳಿಗೆ 7,500 ಮೀರಿದ್ದರಿಂದ ಶೇ. 18 ಜಿಎಸ್‌ಟಿ ಸೇರಿ ಸುಮಾರು 16,500 ರೂಪಾಯಿ ಆಗುತ್ತಿತ್ತು. ಬಸವನಗುಡಿಯಲ್ಲಿ 5,500, ತೆರಿಗೆಯಿಲ್ಲ. ನಾವು ಗೋಪುರದ ಜಿಮ್ಮನ್ನು ಹನ್ನೊಂದು ತಿಂಗಳಲ್ಲಿ ಇಪ್ಪತ್ತು ಸಲವೂ ಬಳಸಲಿಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಈ ಲೆಕ್ಕ ಬೇರೆಯಾದೀತು; ಸಂಜೆ ಕಾರುಗಳ ಭಯವಿಲ್ಲದೆ ನೂರು ಮಕ್ಕಳು ಆಡುತ್ತಿದ್ದ ಆ ಪೋಡಿಯಂಗೆ ಬಸವನಗುಡಿಯ ಸ್ಟಿಲ್ಟ್ ಪಾರ್ಕಿಂಗ್, ಅಂದರೆ ಕಟ್ಟಡದಡಿ ಕಂಬಗಳ ನಡುವೆ ಕಾರು ನಿಲ್ಲಿಸುವ ಜಾಗ, ಎಂದೂ ಸಾಟಿಯಾಗದು.

ಕಾಗದಪತ್ರಗಳ ವಿಷಯದಲ್ಲಿ ಚಿಕ್ಕ ಕಟ್ಟಡ ನನ್ನನ್ನು ನಿಜವಾಗಿ ಹೆದರಿಸಿತು. ನಿವೇಶನ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ರೇರಾ ನೋಂದಣಿಯಿಂದ ವಿನಾಯಿತಿ ಇದೆ. ನಾವು ಬಾಡಿಗೆಗಿದ್ದ ಕಟ್ಟಡದಲ್ಲಿ ಸರಿಯಾಗಿ 8 ಮನೆಗಳು. ಗೋಪುರದ ನಕ್ಷೆ, ಮಂಜೂರಾತಿಗಳನ್ನೆಲ್ಲ ಕುಳಿತಲ್ಲೇ ರೇರಾ ತಾಣದಲ್ಲಿ ತೆರೆದು ಓದಬಹುದಿತ್ತು. ಇಲ್ಲಿ ಪ್ರತಿಯೊಂದಕ್ಕೂ ಮಾಲೀಕರ ಕಪಾಟನ್ನೇ ನಂಬಬೇಕಿತ್ತು. ನಾವಿದ್ದ ಆ ಕಟ್ಟಡದಲ್ಲೇ ಮಾರಾಟಕ್ಕಿದ್ದ ನಾಲ್ಕನೇ ಮಹಡಿಯ ಮನೆಯನ್ನು ಕೇಳಿದಾಗ, ಆ ಮಹಡಿ ಮಂಜೂರಾದ ನಕ್ಷೆಯಲ್ಲೇ ಇಲ್ಲವೆಂದೂ ಕಟ್ಟಡಕ್ಕೆ ಓಸಿ, ಅಂದರೆ ಸ್ವಾಧೀನಾನುಭವ ಪತ್ರ, ಸಿಕ್ಕಿಲ್ಲವೆಂದೂ ವಕೀಲರು ಪತ್ತೆಮಾಡಿದರು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಓಸಿ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ತೀರ್ಪಿತ್ತ ಮೇಲೆ ಇದನ್ನು ಹಗುರವಾಗಿ ನೋಡುವಂತಿಲ್ಲ. ಮಾರುವವರು ‘ಈ ಏರಿಯಾದಲ್ಲಿ ಯಾರಿಗೆ ಓಸಿ ಇದೆ ಹೇಳಿ’ ಎಂದರು. ನಾವು ಎದ್ದು ಬಂದೆವು.

ಕೊನೆಗೆ ಆರಿಸಿಕೊಂಡದ್ದು ಬಸವನಗುಡಿಯನ್ನೇ, ಬೇರೆ ಕಟ್ಟಡವನ್ನು. ಅಲ್ಲಿ 12 ಮನೆಗಳು, ರೇರಾ ನೋಂದಣಿಯಿದೆ, ಓಸಿ ಇದೆ, ಎರಡು ಲಿಫ್ಟುಗಳಿವೆ, ಸಂಪು ಲಕ್ಷ ಲೀಟರಿನದು. ಅಡುಗೆಮನೆಗೆ ಬೆಳಕು ಬರುವುದೇ ಎಂದು ನೋಡಲು ನಡುಮಧ್ಯಾಹ್ನವೇ ಹೋದೆವು. ರಸ್ತೆಯ ಕಡೆಗಿನ ಎರಡನೇ ಮಹಡಿಯ ಮನೆ ಮೇಲಿನವುಗಳಿಗಿಂತ ಅಗ್ಗವೇನಲ್ಲ. ಮುಂಗಡ ಕೊಡುವ ದಿನ ಅಮ್ಮ ಲಿಫ್ಟನ್ನು ಬಿಟ್ಟು 40 ಮೆಟ್ಟಿಲುಗಳನ್ನು ಹತ್ತಿ ನೋಡಿದರು. ನಡುವೆ ಒಮ್ಮೆ ಮಾತ್ರ ನಿಂತರು.