ಡೈರಿಯೋ, ಜೊತೆ ನಡಿಗೆಯೋ?

ಮನಸ್ಸಿಗಾಗಿ ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುವುದಾದರೆ ನನ್ನ ಮತ ನಡಿಗೆಗೆ, ಅದೂ ಇನ್ನೊಬ್ಬರ ಜೊತೆ. ವಾರಕ್ಕೆ ಐದು ದಿನ ಬಿರುಸಾಗಿ ನಡೆದರೆ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ 150 ನಿಮಿಷ ಭರ್ತಿಯಾಗುತ್ತದೆ, ನಿದ್ದೆಯೂ ಸುಧಾರಿಸಬಹುದು. ಪಕ್ಕಪಕ್ಕದಲ್ಲಿ ನಡೆಯುವಾಗ ಮುಖ ನೋಡಿ ಹೇಳಲಾಗದ್ದೂ ಬಾಯಿಗೆ ಬರುತ್ತದೆ. ಲಾಭ ಇಬ್ಬರಿಗೂ: ಅವರು ಬಾರದಿದ್ದ ದಿನ ವಿಚಾರಿಸಲು ನೀವಿರುತ್ತೀರಿ. ತೊಡಕೆಂದರೆ ಸಮಯ ಹೊಂದಿಸುವುದು.

ಡೈರಿಗೆ ಯಾರ ದಾರಿಯನ್ನೂ ಕಾಯಬೇಕಿಲ್ಲ. ಯಾರಿಗೂ ಹೇಳಲಾಗದ ಸಂಗತಿಗೆ ಅದೇ ಸರಿ. ಆದರೆ ಒಂದೇ ಕೊರಗನ್ನು ಬರೆದು ಬರೆದು ಗಾಯ ಕೆರೆದುಕೊಳ್ಳುವವರೂ ಇದ್ದಾರೆ. ಅಂಥವರು ಪೆನ್ನು ಕೆಳಗಿಟ್ಟು ಚಪ್ಪಲಿ ಮೆಟ್ಟುವುದು ಮೇಲು. ಎರಡು ವಾರ ದಾಟಿಯೂ ಮಂಕು ಕವಿದೇ ಇದ್ದರೆ ಇವೆರಡನ್ನೇ ನೆಚ್ಚಿ ಕೂರದೆ ವೈದ್ಯರನ್ನು ಕಾಣಿ.